ನರಿ ಏರಿಸಿದ ಬೆಲೆ

ಒಂದು ಕಾಡಿನಲ್ಲಿ ಒಂದೇ ಒಂದು ದೊಡ್ಡ ಕೊಳವಿತ್ತು. ಕೊಳದ ಆಚೆ ದಡದಲ್ಲಿ ಪ್ರಾಣಿಗಳ ಒಂದು ಗುಂಪು, ಈಚೆ ದಡದಲ್ಲಿ ಇನ್ನೊಂದು ಗುಂಪು ವಾಸವಾಗಿದ್ದವು. ಬೇಸಿಗೆಯಲ್ಲಿ ಕೊಳದ ನೀರು ಇಬ್ಬರಿಗೂ ಸಾಲುತ್ತಿರಲಿಲ್ಲ. ಅದಕ್ಕೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಕಬಡ್ಡಿ ಆಡಿಸುತ್ತಿದ್ದರು. ಗೆದ್ದ ಗುಂಪಿಗೆ ಬೇಸಿಗೆಯ ನೀರು. ಸೋತವರು ಬಿಸಿಬಂಡೆಗಳ ಮೇಲೆ ನಡೆದು ದೂರದ ಹಳ್ಳಕ್ಕೆ ಹೋಗಬೇಕು.

ಆಟಗಾರರು ಪಕ್ಕದ ಗುಡ್ಡದಿಂದ ಬರುತ್ತಿದ್ದರು. ಅವರನ್ನು ಹರಾಜಿನಲ್ಲಿ ಆರಿಸಿಕೊಳ್ಳಬೇಕಿತ್ತು. ಮುದಿ ಮಂಗಟ್ಟೆ ಹಕ್ಕಿ ಎರಡೂ ಗುಂಪಿನ ನಾಯಕರಿಗೆ ನೂರು ನೂರು ಗುಲಗಂಜಿ ಎಣಿಸಿ ಕೊಟ್ಟಿತು.

"ತಂಡಕ್ಕೆ ಐದು ಜನ. ಯಾರಿಗೂ ಹತ್ತಕ್ಕಿಂತ ಕಡಿಮೆ ಕೂಗುವಂತಿಲ್ಲ. ಕೂಗಿದ ಮೇಲೆ ಹಿಂದೆ ಸರಿಯುವಂತಿಲ್ಲ," ಎಂದಿತು.

ಈಚೆ ದಡದ ನಾಯಕಿ ಮುಂಗುಸಿ. ಹಿಂದಿನ ಬೇಸಿಗೆಯಲ್ಲಿ ಅದರ ಮರಿಗಳ ಪಾದಗಳು ಬಂಡೆಯ ಮೇಲೆ ಬೆಂದು ಬೊಬ್ಬೆ ಎದ್ದಿದ್ದವು. ಅದು ಪೊದೆಯ ನೆರಳಲ್ಲಿ ಕೂತು ಗುಲಗಂಜಿಗಳನ್ನು ಐದು ಗುಡ್ಡೆ ಮಾಡಿತು. ಒಂದು ಗುಡ್ಡೆಗೆ ನಲವತ್ತು, ಉಳಿದವಕ್ಕೆ ಹದಿನೈದು ಹದಿನೈದು.

"ಅಕ್ಕಾ, ಕಾಡುಹಂದಿ ಒಬ್ಬ ಸಿಕ್ಕರೆ ಸಾಕಲ್ಲ, ಎಲ್ಲ ಅವನಿಗೇ ಸುರಿಯಬಾರದೇ?" ಎಂದು ಅದೇ ಗುಂಪಿನ ಅಳಿಲು ಕೇಳಿತು.

"ಒಬ್ಬನಿಂದಲೇ ಅಂಕಣ ತುಂಬುವುದಿಲ್ಲ ತಂಗಿ," ಎಂದಿತು ಮುಂಗುಸಿ.

ಆಚೆ ದಡದ ನಾಯಕ ನರಿ ಯಾವ ಗುಡ್ಡೆಯನ್ನೂ ಮಾಡಲಿಲ್ಲ. ಅದರ ತಲೆಯಲ್ಲಿ ಬೇರೆಯೇ ಲೆಕ್ಕ. 'ಮುಂಗುಸಿಗೆ ಬೇಕಾದವರಿಗೆಲ್ಲ ಬೆಲೆ ಏರಿಸುತ್ತೇನೆ. ಅವಳ ಚೀಲ ಬರಿದಾಗಲಿ. ಆಮೇಲೆ ಉಳಿದವರೆಲ್ಲ ನನ್ನವರೇ' ಎಂದುಕೊಂಡಿತು.

ಹರಾಜು ಶುರುವಾಯಿತು. ಮೊದಲು ಬಂದದ್ದು ಕಾಡುಹಂದಿ. ಮುಂಗುಸಿ ಇಪ್ಪತ್ತು ಎಂದರೆ ನರಿ ಮೂವತ್ತು ಎಂದಿತು. ಮುಂಗುಸಿ ನಲವತ್ತು ಎಂದಿತು. ಅದರ ಕಣ್ಣಲ್ಲಿನ ಆಸೆ ನೋಡಿ ನರಿ ಧೈರ್ಯವಾಗಿ "ಐವತ್ತು" ಎಂದಿತು.

ಮುಂಗುಸಿಯ ನಾಲಿಗೆ ತುದಿಗೆ ಅರವತ್ತು ಬಂದಿತ್ತು. ಅದು ತನ್ನ ಗುಡ್ಡೆಗಳನ್ನು ಒಮ್ಮೆ ನೋಡಿತು. "ನನಗೆ ಸಾಕು ಅಜ್ಜ," ಎಂದು ಮಂಗಟ್ಟೆಗೆ ಹೇಳಿತು. ಹಂದಿ ನರಿಯ ಪಾಲಾಯಿತು.

ನರಿಗೆ ಕಸಿವಿಸಿಯಾಯಿತು. 'ಇನ್ನೊಂದು ಸಲ ಬಿಟ್ಟುಕೊಡಲಾರಳು' ಎಂದು ಸಮಾಧಾನ ಮಾಡಿಕೊಂಡಿತು. ಜಿಂಕೆ ಬಂತು. ಮುಂಗುಸಿ ಮತ್ತೆ ನಲವತ್ತರವರೆಗೆ ಬಂತು. ನರಿ ನಲವತ್ತೈದು ಎಂದಿತು. ಮುಂಗುಸಿ ಮತ್ತೆ ಸಾಕು ಎಂದಿತು, ಜಿಂಕೆಯೂ ನರಿಯ ಪಾಲಾಯಿತು.

ಈಗ ನರಿಯ ಕೈಯಲ್ಲಿ ಉಳಿದದ್ದು ಐದೇ ಗುಲಗಂಜಿ. ಅದು ಮೆಲ್ಲಗೆ ಮಂಗಟ್ಟೆಯ ಬಳಿ ಹೋಯಿತು.

"ಅಜ್ಜ, ಹಂದಿಯನ್ನು ವಾಪಸು ತೆಗೆದುಕೊಳ್ಳಿ. ಅವನು ನನಗೆ ಬೇಕಾಗೇ ಇರಲಿಲ್ಲ. ಬೆಲೆ ಏರಲಿ ಅಂತ ಕೂಗಿದೆ ಅಷ್ಟೆ."

"ಕೂಗಿದ್ದು ನಿನ್ನ ಬಾಯಿ ತಾನೆ?" ಎಂದಿತು ಮಂಗಟ್ಟೆ.

ಹಿಂದೆಯೇ ನಿಂತಿದ್ದ ಹಂದಿ ಇದನ್ನು ಕೇಳಿಸಿಕೊಂಡಿತು. ತಲೆ ತಗ್ಗಿಸಿ ಆಚೆ ಹೋಯಿತು.

ಎದುರು ಕೂಗುವವರೇ ಇಲ್ಲದ್ದರಿಂದ ಉಡ, ಮುಸುವ, ಮೊಲ, ಮುಳ್ಳುಹಂದಿ, ಕಾಡುಕೋಳಿ ಎಲ್ಲರೂ ಹತ್ತು ಹತ್ತಕ್ಕೇ ಮುಂಗುಸಿಯ ತಂಡ ಸೇರಿದರು.

ಮರುದಿನ ಆಟ ನಡೆಯಿತು. ನರಿಯ ಕಡೆ ಇಬ್ಬರೇ. ಜಿಂಕೆ ಮಿಂಚಿನಂತೆ ನುಗ್ಗಿ ಮೊಲವನ್ನು ಮುಟ್ಟಿತು, ಆದರೆ ತಿರುಗುವಷ್ಟರಲ್ಲಿ ಉಡ ಅದರ ಕಾಲು ಕಚ್ಚಿ ಹಿಡಿಯಿತು. ಒಂಟಿಯಾದ ಹಂದಿ ಮನಸ್ಸಿನ ನೋವನ್ನು ಬದಿಗಿಟ್ಟು ಪ್ರಾಮಾಣಿಕವಾಗಿಯೇ ಆಡಿತು. ನಾಲ್ಕು ಕಡೆಯಿಂದ ಸುತ್ತುವರಿದಾಗ ಅದಕ್ಕಾದರೂ ದಾರಿ ಎಲ್ಲಿ? ಈಚೆ ದಡದವರು ಗೆದ್ದರು. ಮುಂಗುಸಿ ಹಂದಿಯ ಬಳಿ ಹೋಗಿ, "ಚೆನ್ನಾಗಿ ಆಡಿದೆ ಅಣ್ಣ. ನಿನ್ನನ್ನು ನಾನು ನಿಜವಾಗಿಯೂ ಬಯಸಿದ್ದೆ," ಎಂದಿತು. ಹಂದಿಯ ಮುಖ ಅರಳಿತು.

ಬೇಸಿಗೆ ಬಂತು. ಆಚೆ ದಡದವರು ಮಕ್ಕಳುಮರಿಗಳನ್ನು ಕಟ್ಟಿಕೊಂಡು ಹಳ್ಳಕ್ಕೆ ಹೊರಟರು. ಯಾರೂ ನರಿಯನ್ನು ಬೈಯಲಿಲ್ಲ. ಆದರೆ ದಾರಿಯುದ್ದಕ್ಕೂ ಯಾರೂ ಅದರ ಜೊತೆ ಮಾತಾಡಲೂ ಇಲ್ಲ.

ನೀತಿ: ಇನ್ನೊಬ್ಬರ ಚೀಲ ಬರಿದು ಮಾಡಲು ಹೊರಟವನು ತನ್ನ ಚೀಲವನ್ನೇ ಬರಿದು ಮಾಡಿಕೊಳ್ಳುತ್ತಾನೆ, ತನ್ನ ಮಿತಿಯನ್ನು ಮೊದಲೇ ಗೊತ್ತುಮಾಡಿಕೊಂಡವನು ಆಸೆಯ ಹೊತ್ತಿನಲ್ಲೂ ಎಡವುವುದಿಲ್ಲ.