ಯಾರು ಸೋಲಬೇಕು?

ಕರೇಗುಡ್ಡದ ನಿರ್ವಾಣಯ್ಯ ಅಜ್ಜನವರ ಮಠವೆಂದರೆ ಒಂದು ಮಣ್ಣಿನ ಮಾಳಿಗೆ, ಮುಂದೊಂದು ಬೇವಿನ ಮರ, ಅಷ್ಟೇ. ಪೂಜ್ಯರು ಪೀಠದ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ದಾಸೋಹದ ಜೋಳ ಹಸನು ಮಾಡುತ್ತ ಊರ ಹೆಣ್ಣುಮಕ್ಕಳ ನಡುವೆಯೇ ಇರುತ್ತಿದ್ದರು. ಅಲ್ಲಿ ಹರಕೆಗೆ ಒಂದೇ ಕಟ್ಟಳೆ. ಯಾರಿಗೆ ಏನಾಗಬೇಕೋ ಅವರ ಹೆಸರನ್ನೂ ಅವರ ತಾಯಿಯ ಹೆಸರನ್ನೂ ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಪೂಜ್ಯರು ಭಸ್ಮ ಕೊಡುತ್ತಿದ್ದರು.

ನಮ್ಮನ್ನಾಳುತ್ತಿದ್ದ ಇಂಗ್ಲಿಷರು ಕಡಲಾಚೆ ಬಸ್ರಾದ ಕಡೆ ತುರ್ಕರೊಡನೆ ಯುದ್ಧ ಹೂಡಿದ್ದ ಕಾಲವದು. ಊರೂರಿಂದ ಸಿಪಾಯಿಗಳನ್ನು ಕೇಳುತ್ತಿದ್ದರು. ಊರಗೌಡ ದ್ಯಾಮನಗೌಡ, ತಾನೇ ಹಿಂದೆ ಸರಿದರೆ ಜನ ನಕ್ಕಾರೆಂದು ಒಬ್ಬನೇ ಮಗನನ್ನು ಪಲ್ಟಣಿಗೆ ಕಳಿಸಿದ. ಅವನ ಮಾತು ನಂಬಿ ಇನ್ನೂ ಕೆಲವು ಮನೆಗಳ ಹುಡುಗರು ಹೋದರು. ವರ್ಷ ಕಳೆದರೂ ಒಬ್ಬರ ಸುದ್ದಿಯೂ ಇಲ್ಲ. ಆ ತಾಯಂದಿರು ಗೌಡನನ್ನು ಕಂಡರೆ ಸೆರಗು ಮುಂದೆಳೆದುಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ಗೌಡನ ಹೆಂಡತಿ ಎಂದೋ ತೀರಿಕೊಂಡಿದ್ದಳು. ಮಗನ ಚಿಂತೆ ಅವನಿಗೆ ಬಿಸಿತುಪ್ಪವಾಗಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮೀಸೆಗೆ ಮಾತ್ರ ಎಣ್ಣೆ ತಪ್ಪುತ್ತಿರಲಿಲ್ಲ.

ಮತ್ತೊಂದು ತಂಡ ಕಳಿಸಬೇಕೆಂದು ತಾಲೂಕಿನ ಅಧಿಕಾರಿ ಮಾಮಲೇದಾರರ ಅಪ್ಪಣೆ ಬಂತು. ಊರವರು ಈ ಸಲ ಒಪ್ಪಲಿಲ್ಲ.

“ಯಾರದೋ ಜಗಳಕ್ಕ ನಮ್ಮ ಹುಡುಗರು ಯಾಕ ಸಾಯಬೇಕ್ರಿ ಗೌಡ್ರ? ಅಜ್ಜಾರು ಜಯದ ಭಸ್ಮ ಕೊಡಲಿ, ಆಮ್ಯಾಲ ನೋಡೋಣು” ಎಂದರು.

ಭಸ್ಮವೇ ತಾನೆ, ಕೇಳಿದರೆ ಕೊಡುತ್ತಾರೆ ಎಂದು ಗೌಡ ಕಾಯಿ ಹಿಡಿದು ಮಠಕ್ಕೆ ಬಂದ. ಪೂಜ್ಯರ ಸುತ್ತ ಕುಳಿತಿದ್ದ ಆ ತಾಯಂದಿರು ಅವನನ್ನು ಕಂಡು ಮುಖ ತಿರುಗಿಸಿದರು.

“ಬುದ್ಧಿ, ಸರಕಾರಕ್ಕ ಗೆಲುವಾಗಲಿ ಅಂತ ಹರಕಿ.”

“ಹಂಗಾದ್ರ ಯಾರು ಸೋಲಬೇಕಪಾ?”

“ತುರ್ಕರು.”

“ಅದರಾಗ ಒಬ್ಬನ ಹೆಸರು ಹೇಳು. ಅವನ ತಾಯಿ ಹೆಸರು ಹೇಳು.”

ಗೌಡ ತಡವರಿಸಿದ. “ಅದು ಯಾರಿಗೆ ಗೊತ್ತಿರ್ತೈತ್ರಿ ಬುದ್ಧಿ?”

ಪೂಜ್ಯರು ಮೊರ ಕೆಳಗಿಟ್ಟರು. “ಹೆಸರು ಗೊತ್ತಿಲ್ಲದವನ್ನ ಕೊಲ್ಲಾಕ ಮಗನ್ನ ಕಳಿಸಿದಿ. ಅಲ್ಲಿ ನಿನ್ನ ಮಗನ ಹೆಸರು ಯಾರಿಗೆ ಗೊತ್ತೈತಿ?”

ಬಾಯಾರಿ ಬಿದ್ದರೂ ‘ಯಾರಪಾ ನೀನು’ ಎಂದು ಕೇಳುವವರಿಲ್ಲದ ಮರಳುಗಾಡಿನಲ್ಲಿ ನಿಂತ ಮಗ ಗೌಡನ ಕಣ್ಣಿಗೆ ಕಟ್ಟಿದ. ಅಳು ಬಂದೀತೆಂದು ಹೆದರಿ ಅವನು ವರ್ಷದಿಂದ ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ.

“ಅಂದಾನಗೌಡ, ಬುದ್ಧಿ. ಸಂಗವ್ವನ ಮಗ” ಎಂದವನೇ ಕುಸಿದು ಕುಳಿತು ಅತ್ತ.

ಪೂಜ್ಯರು ಅವನ ಹಣೆಗೆ ಭಸ್ಮ ಹಚ್ಚಿ, “ಉಳಿದವರದೂ ಹೇಳು” ಎಂದರು.

“ಫಕೀರಪ್ಪ, ನೀಲವ್ವನ ಮಗ” ಎಂದ ಗೌಡ. ನೀಲವ್ವ ಎದುರಿಗೇ ಇದ್ದಳು. ಹೀಗೆ ಒಬ್ಬೊಬ್ಬ ತಾಯಿಯ ಮುಖ ನೋಡಿ ಒಬ್ಬೊಬ್ಬನ ಹೆಸರು ಹೇಳಿ ಮುಗಿಸಿದ. ಹೇಳುವುದು ಅವನಿಗೆ ಬಹಳ ಕಷ್ಟವಾಯಿತು.

ಅಲ್ಲಿಂದ ನೇರ ಚಾವಡಿಗೆ ಹೋಗಿ, ಹುಡುಗರನ್ನು ಕರೆದೊಯ್ಯಲು ಬಂದು ಕುಳಿತಿದ್ದ ಮಾಮಲೇದಾರರಿಗೆ ಕೈಮುಗಿದ. “ನಮ್ಮೂರಿಂದ ಇನ್ನ ಒಬ್ಬನೂ ಬರೂದಿಲ್ರಿ ಸಾಹೇಬ್ರ. ಅಲ್ಲಿಯವರು ನಮಗೇನೂ ಮಾಡಿಲ್ಲ.”

ಅಂದೇ ಅವನ ಗೌಡಕಿ ಹೋಯಿತು. ಸಂಜೆ ರುಮಾಲಿಲ್ಲದ ತಲೆಯಲ್ಲಿ ಮಠಕ್ಕೆ ಬಂದು ಎಲ್ಲರಿಂದ ದೂರ, ಗೋಡೆಗೆ ಒರಗಿ ನಿಂತ. ನೀಲವ್ವ ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

“ನಿಂತೇ ಇದ್ದೀರಲ್ಲ, ಬರ್ರಿ ಗೌಡ್ರ. ಹುಡುಗರು ಬರೂತನಾ ಕೂಡೇ ಕಾಯೋಣು.”