ಇಳಿಜಾರಿನ ಕೆಂಪು ದೀಪ

"ತಾಯೀ, ಆರು ತಿಂಗಳಿಂದ ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ. ಇನ್ನು ನಾನು ಊರೂರಿಗೆ ಹೋಗಿ ಜನರಿಗೆ ಬೋಧಿಸಬಹುದೇ?" ಎಂದು ಶಿಷ್ಯ ಕೇಳಿದ. ಆ ಆರು ತಿಂಗಳೂ ಅವನು ಮಠದ ಹಿಂದಿನ ಗುಡ್ಡದ ಮೇಲೆ ಒಬ್ಬನೇ ಇದ್ದ. ಅಪ್ಪಣೆ ಸಿಕ್ಕರೆ ಮರುದಿನವೇ ಹೊರಡಲು ಚೀಲ ಕಟ್ಟಿಟ್ಟಿದ್ದ.

ಮಠದ ಗುರುವಾಗಿದ್ದ ತಾಯಿ ಹೋಗು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ನಾಲ್ಕು ದಾರಿ ಕೂಡುವ ಕಡೆ ಸಿಗ್ನಲ್ ಕಂಬಗಳಿದ್ದವು. ಮನೆಗೆ ಬರುವಂಥ ಜೋರು ಕರೆಂಟೇ ಅವಕ್ಕೂ ಹರಿಯುತ್ತಿತ್ತು. ಒಂದು ಮಳೆಗಾಲದಲ್ಲಿ ಎಮ್ಮೆಯೊಂದು ಕಂಬಕ್ಕೆ ಮೈ ಉಜ್ಜಿತು, ಅಲ್ಲೇ ಸತ್ತಿತು. ಇವತ್ತು ಎಮ್ಮೆ, ನಾಳೆ ಮನುಷ್ಯ ಎಂದು ಊರಿನವರು ಹೆದರಿದರು. ಮುಟ್ಟಿದರೂ ಕೊಲ್ಲದ ಇಪ್ಪತ್ನಾಲ್ಕು ವೋಲ್ಟಿನ ಸಿಗ್ನಲ್ ಹಾಕಿಸಲು ತೀರ್ಮಾನಿಸಿದರು.

ಅದರ ಕೇಬಲ್ ಕೆಲಸ ಒಬ್ಬ ಹೆಂಗಸಿಗೆ ಸಿಕ್ಕಿತು. ಅವಳು ಶಾಲೆಯಲ್ಲಿ ಕಲಿತವಳಲ್ಲ. ಕೆಟ್ಟ ಮೋಟಾರುಗಳನ್ನು ಬಿಚ್ಚಿ, ಮರಳಿ ಜೋಡಿಸಿ ಕಲಿತವಳು. ಮೊದಲು ನಕಾಶೆ ಬರೆದಳು. ಕರೆಂಟು ಹೊರಡುವ ಪೆಟ್ಟಿಗೆ ಎಲ್ಲಿ, ಕಂಬ ಎಲ್ಲಿ, ರಸ್ತೆಯ ಕೆಳಗೆ ಪೈಪು ಎಲ್ಲಿ ಎಂದು ಗುರುತು ಹಾಕಿದಳು. ಮೂರು ಕಂಬಗಳು ಪೆಟ್ಟಿಗೆಯ ಹತ್ತಿರವೇ ಇದ್ದವು. ನಾಲ್ಕನೆಯದು ಐನೂರು ಅಡಿ ದೂರ, ಇಳಿಜಾರು ಶುರುವಾಗುವ ಜಾಗದಲ್ಲಿ. ಕಲ್ಲು ಹೇರಿದ ಲಾರಿಗಳು ಬರುವುದು ಅದೇ ದಾರಿಯಲ್ಲಿ. ಅಲ್ಲಿಯ ಕೆಂಪು ಕಾಣದೆ ಒಂದು ಲಾರಿ ಇಳಿಯತೊಡಗಿದರೆ ಮತ್ತೆ ನಿಲ್ಲುವುದು ಕೆಳಗಿನ ಜನರ ಮೇಲೆಯೇ.

ವೋಲ್ಟು ಕಡಿಮೆ, ತಂತಿಯೂ ಸಣ್ಣದೇ ಸಾಕು ಎಂದುಕೊಂಡಳು. ನಾಲ್ಕೂ ಕಂಬಗಳಿಗೆ ಸಣ್ಣ ತಂತಿ ಎಳೆಸಿದಳು. ದೀಪ ಕಟ್ಟುವ ಮೊದಲು ಇಳಿಜಾರಿನ ಕಂಬದ ಬಳಿ ತಂತಿಯ ತುದಿಗಳಿಗೆ ಮೀಟರ್ ಹಿಡಿದಳು. ಇಪ್ಪತ್ನಾಲ್ಕು. ಪೆಟ್ಟಿಗೆಯಲ್ಲಿ ಎಷ್ಟಿತ್ತೋ ಅಷ್ಟೇ. ಪರೀಕ್ಷೆಗೆ ಬಂದ ಎಂಜಿನಿಯರ್ ಕೂಡ ಅದನ್ನೇ ನೋಡಿದ, ಸಹಿ ಹಾಕಿದ, ಹೋದ.

ಪಕ್ಕದ ಚಹಾದಂಗಡಿಯಲ್ಲಿ ಒಬ್ಬ ಮುದುಕ ಕೂತಿದ್ದ. ಲೈನ್‌ಮನ್ ಆಗಿದ್ದವನು. ಕೆಲಸದಿಂದ ನಿವೃತ್ತನಾಗಿದ್ದ, ಕೆಲಸ ನೋಡುವ ಚಟದಿಂದ ಆಗಿರಲಿಲ್ಲ.

"ದೀಪ ಹಚ್ಚಿ ನೋಡಿದೆಯೇನವ್ವಾ?" ಎಂದ.

"ಮೀಟರೇ ಹೇಳುತ್ತಿದೆಯಲ್ಲ ಅಜ್ಜ. ನಿಮ್ಮ ಕಾಲದ ಹಾಗೆ ಬೆರಳಿಟ್ಟು ನೋಡುವ ಕಷ್ಟ ನಮಗಿಲ್ಲ."

"ಅದಕ್ಕೇ ನೋಡು, ನನಗೆ ಒಂಬತ್ತೇ ಬೆರಳು," ಎಂದು ಮುದುಕ ಕೈ ಎತ್ತಿ ತೋರಿಸಿ ನಕ್ಕ. "ಆದರೂ ಹಚ್ಚು, ನೋಡೋಣ."

ಅವನ ಬಾಯಿ ಮುಚ್ಚಿಸಲೆಂದೇ ಅವಳು ಕೆಂಪು ದೀಪ ಜೋಡಿಸಿದಳು. ದೀಪ ಉರಿಯಿತು. ಆದರೆ ಇಪ್ಪತ್ತು ಹೆಜ್ಜೆ ದೂರ ಹೋದರೆ ಬಿಸಿಲಿನಲ್ಲಿ ಕಾಣಲಿಲ್ಲ. ಮೀಟರ್ ಹದಿನಾಲ್ಕು ತೋರಿಸಿತು. ದೀಪ ಬಿಚ್ಚಿದಳು, ಇಪ್ಪತ್ನಾಲ್ಕು. ಮತ್ತೆ ಜೋಡಿಸಿದಳು, ಹದಿನಾಲ್ಕು. ಮೀಟರ್ ಕೆಟ್ಟಿದೆ ಎಂದು ಬೇರೊಂದು ತಂದಳು. ಅದೂ ಅದನ್ನೇ ಹೇಳಿತು. ತಂತಿ ಎಲ್ಲಾದರೂ ಕಡಿದಿದೆಯೇ ಎಂದು ಪರೀಕ್ಷಿಸಿದಳು. ಕಡಿದಿರಲಿಲ್ಲ. ಅವಳ ಹಟ ಹೋಗಿ ಸೋಜಿಗ ಹುಟ್ಟಿತು. ಹನ್ನೊಂದು ಸಲ ಬಿಚ್ಚಿದಳು, ಹನ್ನೊಂದು ಸಲ ಕಟ್ಟಿದಳು. ಕೊನೆಗೆ ಚಹಾದಂಗಡಿಗೆ ಹೋಗಿ ಮುದುಕನ ಎದುರು ಕೂತಳು.

"ಆ ಹತ್ತು ವೋಲ್ಟು ಎಲ್ಲಿಗೆ ಹೋಯಿತು ಅಜ್ಜ?"

"ತಂತಿ ಸಣ್ಣದು, ದಾರಿ ಉದ್ದ. ದಾರಿಯೇ ತಿಂದಿತು. ಯಾರೂ ಏನೂ ಕೇಳದೆ ಇದ್ದಾಗ ತಂತಿ ಇರುವುದನ್ನೆಲ್ಲ ತೋರಿಸುತ್ತದೆ ಮಗಳೇ. ದೀಪ ಬಂದು ಕೊಡು ಎಂದಾಗಲೇ ಅದರ ತಾಕತ್ತು ತಿಳಿಯುವುದು."

ಪೆಟ್ಟಿಗೆಯಲ್ಲಿ ವೋಲ್ಟು ಏರಿಸಿದರೆ ದೂರದ ದೀಪ ಉರಿಯುತ್ತಿತ್ತು, ಹತ್ತಿರದವು ಸುಟ್ಟುಹೋಗುತ್ತಿದ್ದವು. ಎಂಜಿನಿಯರ್ ಹಾಕಿದ ಸಹಿ ಕೈಯಲ್ಲಿತ್ತು. ಸುಮ್ಮನೆ ಮನೆಗೆ ಹೋಗಬಹುದಿತ್ತು. ಅವಳು ಹೋಗಲಿಲ್ಲ. ಐನೂರು ಅಡಿ ತಂತಿಯನ್ನೆಲ್ಲ ಪೈಪಿನಿಂದ ಹೊರಗೆಳೆದಳು. ನಕಾಶೆಯನ್ನು ಹರಿದಳು. ಹೊಸ ನಕಾಶೆಯನ್ನು ಇಳಿಜಾರಿನ ದೀಪದಿಂದ ಶುರುಮಾಡಿ ಪೆಟ್ಟಿಗೆಯ ಕಡೆಗೆ ಬರೆದಳು. ದಪ್ಪ ತಂತಿ ಎಳೆಸಿ, ದೀಪ ಹಚ್ಚಿ, ಆಮೇಲೆ ಮೀಟರ್ ಹಿಡಿದಳು. ಇಪ್ಪತ್ತಮೂರು. ಮೊದಲ ದಿನ ಕಂಡದ್ದಕ್ಕಿಂತ ಒಂದು ಕಡಿಮೆ. ಆದರೆ ಇಳಿಜಾರಿಗೆ ಬಂದ ಲಾರಿ ನಿಂತಿತು.

ಕತೆ ಮುಗಿಯಿತು. ಶಿಷ್ಯ ಕೇಳಿದ.

"ಹಾಗಾದರೆ ಮೊದಲ ದಿನ ಇಪ್ಪತ್ನಾಲ್ಕು ತೋರಿಸಿದ ಮೀಟರ್ ಸುಳ್ಳು ಹೇಳಿತೇ, ತಾಯೀ?"

"ಇಲ್ಲಪ್ಪ, ನಿಜವನ್ನೇ ಹೇಳಿತು," ಎಂದರು ತಾಯಿ. "ನಾಳೆಯಿಂದ ದಾಸೋಹದಲ್ಲಿ ಹಸಿದು ಕೂತ ಮುನ್ನೂರು ಜನರಿಗೆ ನೀನೇ ಬಡಿಸು."