ತಗಡಿನ ಚಾವಣಿಯ ಕೆಳಗೆ ನಲವತ್ತು ನಿಮಿಷ

ನದಿಯ ಈಚೆ ದಡದಲ್ಲಿ ಒಂದು ಆಶ್ರಮ, ಆಚೆ ದಡದಲ್ಲಿ ಇನ್ನೊಂದು. ಎರಡರಲ್ಲೂ ಕಲಿಸುವುದು ಒಂದೇ ವಿದ್ಯೆ. ಗೇಮಿಂಗ್ ಲ್ಯಾಪ್‌ಟಾಪನ್ನು ಹದಕ್ಕೆ ತರುವುದು, ಆಮೇಲೆ ಅದರಲ್ಲಿ ಆಡುವುದು.

ವರ್ಷಕ್ಕೊಮ್ಮೆ ಎರಡೂ ದಡದವರು ಐದೈದು ಜನ ಎದುರುಬದುರು ಕೂರುತ್ತಾರೆ. ಈಚೆ ದಡದ ತಗಡಿನ ಚಾವಣಿಯ ಹಜಾರದಲ್ಲಿ, ನಡುಹಗಲಿನಲ್ಲಿ, ನಲವತ್ತು ನಿಮಿಷದ ಆಟ. ಅಷ್ಟು ಬಿಸಿಲಲ್ಲೇ ಯಾಕೆ ಎಂದು ಯಾರೂ ಕೇಳಿದ್ದಿಲ್ಲ.

ಹೋದ ವರ್ಷ ಐದನೆಯ ಕುರ್ಚಿಯಲ್ಲಿ ಮೇದಿನಿ ಕೂತಿದ್ದಳು. ಮೂವತ್ತನೆಯ ನಿಮಿಷಕ್ಕೆ ಅವಳ ಲ್ಯಾಪ್‌ಟಾಪ್ ಕಾದು, ಏದುಸಿರು ಬಿಟ್ಟು, ಪರದೆಯ ಮೇಲಿನ ಚಿತ್ರ ತಡವರಿಸತೊಡಗಿತು. ಆಟ ಕೈತಪ್ಪಿತು. ಆಚೆ ದಡದವರು ದೋಣಿ ಹತ್ತುವ ಮುಂಚೆ ಅವಳ ಕೈಗೊಂದು ಬೀಸಣಿಗೆ ಕೊಟ್ಟು ಹೋದರು.

ಈ ವರ್ಷ ಗುರುಗಳಾದ ಕಾತ್ಯಾಯಿನಮ್ಮ ಮೊದಲೇ ಹೇಳಿಬಿಟ್ಟಿದ್ದರು. ಗುರುವಾರದೊಳಗೆ ಮೇದಿನಿಯ ಯಂತ್ರ ಹದಕ್ಕೆ ಬಂದರೆ ಶುಕ್ರವಾರದ ಆಟಕ್ಕೆ ಅವಳು. ಬಾರದಿದ್ದರೆ ಜೊತೆಯ ಶಿಷ್ಯ ಹೇರಂಬ.

ಹೇರಂಬ ಅಂದೇ ಹೋಗಿ ಕುರ್ಚಿಯ ಎತ್ತರ ತನಗೆ ಸರಿಮಾಡಿಕೊಂಡ.

ಸೋಮವಾರ ಬೆಳ್ಳಂಬೆಳಗ್ಗೆ ಮೇದಿನಿ ಲ್ಯಾಪ್‌ಟಾಪನ್ನು ನದಿಯ ಮೆಟ್ಟಿಲಿಗೆ ಒಯ್ದಳು. ಅದರೊಳಗಿನ ಚಿಪ್‌ಗಳ ವೇಗವನ್ನು ತಯಾರಕರು ಇಟ್ಟದ್ದಕ್ಕಿಂತ ಬಹಳ ಮೇಲಕ್ಕೆ ಏರಿಸಿದ್ದಳು. ತಣ್ಣನೆಯ ಕಲ್ಲಿನ ಮೇಲೆ ಅದನ್ನಿಟ್ಟು, ಆಶ್ರಮದಿಂದ ಉದ್ದನೆಯ ವಯರು ಎಳೆದು, ತಳದ ಮುಚ್ಚಳ ಬಿಚ್ಚಿ, ಗಾಳಿ ಚೆನ್ನಾಗಿ ಬೀಸುವ ತನಕ ಕಾದು ಬೆಂಚ್‌ಮಾರ್ಕ್ ಓಡಿಸಿದಳು. ಮೂರು ನಿಮಿಷದ ಪರೀಕ್ಷೆ ಅದು. ಕೊನೆಗೆ ಯಂತ್ರಕ್ಕೊಂದು ಅಂಕ ಕೊಡುತ್ತದೆ.

ಹದಿನಾಲ್ಕು ಸಾವಿರದ ಇನ್ನೂರು. ಆಶ್ರಮದಲ್ಲಿ ಅಂಥ ಅಂಕವನ್ನು ಯಾರೂ ಕಂಡಿರಲಿಲ್ಲ. ಓಡಿ ಹೋಗಿ ಗುರುಗಳನ್ನು ಕರೆತಂದಳು.

ಗುರುಗಳು ನೋಡಿ ಬಹಳ ಸಂತೋಷ ಎಂದರು. ಇನ್ನೊಮ್ಮೆ ಓಡಿಸಲು ಹೇಳಿದರು.

ಹದಿಮೂರು ಸಾವಿರ ಬಂತು. ಮತ್ತೊಮ್ಮೆ ಎಂದರು. ಹನ್ನೊಂದು ಸಾವಿರದ ನೂರು. ಯಂತ್ರವನ್ನು ಮುಟ್ಟದೆ ಹಾಗೇ ಬಿಟ್ಟಿದ್ದರೂ ಅದಕ್ಕಿಂತ ಹೆಚ್ಚು ಬರುತ್ತಿತ್ತು.

"ಗಾಳಿ ನಿಂತುಹೋಯ್ತು ಅಮ್ಮಾ," ಎಂದಳು ಮೇದಿನಿ.

"ಶುಕ್ರವಾರ ಬರೋದಕ್ಕೆ ಗಾಳಿಗೆ ಹೇಳಿಕಳಿಸಿದ್ದೀಯಾ?"

ಮೇದಿನಿ ತಲೆ ತಗ್ಗಿಸಿದಳು. ಫ್ಯಾನು ಇನ್ನೂ ದೊಡ್ಡದು ಹಾಕಲೇ, ಕೆಳಗೆ ಮಂಜುಗಡ್ಡೆಯ ತಟ್ಟೆ ಇಡಲೇ ಎಂದು ಒಂದೊಂದಾಗಿ ಕೇಳಿದಳು. ಗುರುಗಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು.

"ನಾಳೆ ಬೆಳಗ್ಗೆ ಇಡ್ಲಿ. ಗ್ರೈಂಡರು ಕೆಟ್ಟಿದೆ. ಸಂಜೆ ಹೋಗಿ ಮಿಕ್ಸಿಯಲ್ಲಿ ಉದ್ದು ರುಬ್ಬಿಕೊಡು."

ಮೇದಿನಿಗೆ ಲ್ಯಾಪ್‌ಟಾಪಿನದೇ ಧ್ಯಾನ. ಅಡುಗೆಮನೆಗೆ ಹೋದವಳೇ ಮಿಕ್ಸಿಯ ಗುಂಡಿಯನ್ನು ಮೂರಕ್ಕೆ ತಿರುಗಿಸಿ, ನಿಲ್ಲಿಸದೆ ಒಂದೇ ಏಟಿಗೆ ರುಬ್ಬಿದಳು. ಸುಟ್ಟ ವಾಸನೆ ಬಂದಾಗ ಅಡುಗೆಯ ರುಕ್ಕಮ್ಮ ಓಡಿಬಂದು ಪ್ಲಗ್ ಕಿತ್ತರು, ಹಿಟ್ಟಿಗೆ ಬೆರಳಿಟ್ಟು ನೋಡಿದರು.

"ಹಿಟ್ಟಿಗೆ ಜ್ವರ ಬಂದಿದೆ ಕಣೇ."

ಕಾದ ಹಿಟ್ಟು ಸರಿಯಾಗಿ ಹುದುಗುವುದಿಲ್ಲ, ಸಣ್ಣ ವೇಗದಲ್ಲಿ ಬಿಟ್ಟು ಬಿಟ್ಟು ರುಬ್ಬಬೇಕಿತ್ತು ಎಂದು ಅವರು ಬೈದದ್ದು ಮೇದಿನಿಯ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು.

ಮರುದಿನ ಇಡ್ಲಿ ತಟ್ಟೆಗೆ ಬಿದ್ದಾಗ ಸದ್ದಾಯಿತು. ಹೇರಂಬ ಒಂದನ್ನು ಎತ್ತಿ ತಿರುಗಿಸಿ ನೋಡಿ, ಸ್ಕ್ರೂಗಳು ಎಲ್ಲಿವೆ ಎಂದು ಕೇಳಿದ. ಸಾಲಿನಲ್ಲಿ ಕೂತವರೆಲ್ಲ ನಕ್ಕರು.

ಗುರುಗಳು ನಗಲಿಲ್ಲ. ಎರಡು ತಿಂದು ಮೂರನೆಯದನ್ನು ಕೇಳಿ ಹಾಕಿಸಿಕೊಂಡರು.

"ಎಷ್ಟು ನಿಮಿಷದಲ್ಲಿ ರುಬ್ಬಿದೆ?"

"ನಾಲ್ಕು, ಅಮ್ಮಾ."

"ದಾಖಲೆ," ಎಂದು ಗುರುಗಳು ಚಟ್ನಿಯ ಕಡೆ ಕೈ ಚಾಚಿದರು.

ಈಗ ಮೇದಿನಿಗೂ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಎದ್ದು ಕೈ ತೊಳೆದಳು. ಈ ಸಲ ನದಿಯ ಕಡೆ ಹೋಗಲಿಲ್ಲ, ನೇರ ಹಜಾರಕ್ಕೆ ಹೋದಳು.

ಫ್ಯಾನಿನ ರೆಕ್ಕೆಗಳಲ್ಲಿ ಕೂತಿದ್ದ ದೂಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ತಳದ ಮುಚ್ಚಳ ಮುಚ್ಚಿದಳು. ಏರಿಸಿದ್ದ ವೇಗದಲ್ಲಿ ಮುಕ್ಕಾಲು ಪಾಲು ಇಳಿಸಿದಳು. ಆಮೇಲೆ ಅವಳು ಹಿಂದೆಂದೂ ಮಾಡದ ಕೆಲಸಕ್ಕೆ ಕೈಹಾಕಿದಳು. ಚಿಪ್‌ಗಳಿಗೆ ಹೋಗುವ ವೋಲ್ಟೇಜನ್ನು ಒಂದೊಂದೇ ಹೆಜ್ಜೆ ಕಡಿಮೆ ಮಾಡುತ್ತ ಬಂದಳು. ವೋಲ್ಟೇಜ್ ಇಳಿದಷ್ಟೂ ಕಾವು ಇಳಿಯುತ್ತದೆ, ಆದರೆ ಅತಿಯಾಗಿ ಇಳಿಸಿದರೆ ಯಂತ್ರ ನಿಂತೇ ಹೋಗುತ್ತದೆ. ಎರಡು ಸಲ ಪರದೆ ಕಪ್ಪಾಯಿತು. ಎರಡು ಸಲವೂ ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಓಡಿಸಿದಳು. ಬುಧವಾರವೆಲ್ಲ ಅದರಲ್ಲೇ ಕಳೆಯಿತು.

ಗುರುವಾರ ನಡುಹಗಲು. ತಗಡು ಚಟಪಟ ಅನ್ನುತ್ತಿತ್ತು. ಮೇದಿನಿ ಬೆಂಚ್‌ಮಾರ್ಕನ್ನು ಒಂದರ ಹಿಂದೊಂದು, ನಲವತ್ತು ನಿಮಿಷ ಬಿಡದೆ ಓಡಿಸಿದಳು. ಕೆಡುವುದನ್ನು ನೋಡಲೆಂದೇ ಬಂದು ಕೂತಿದ್ದ ಹೇರಂಬ ಕಾದು ಕಾದು ಬೇಸತ್ತು ಮಜ್ಜಿಗೆ ಕುಡಿಯಲು ಎದ್ದುಹೋದ.

ಮೊದಲ ಅಂಕ ಹನ್ನೆರಡು ಸಾವಿರದ ಆರುನೂರು. ಕೊನೆಯದು ಹನ್ನೆರಡು ಸಾವಿರದ ಐನೂರ ಎಂಬತ್ತು.

ಗುರುಗಳು ಬಂದರು. ಅಂಕವನ್ನು ನೋಡಲಿಲ್ಲ. ಕೀಬೋರ್ಡಿನ ಮೇಲೆ ಅಂಗೈ ಊರಿ, ಅಲ್ಲೇ ಬಿಟ್ಟು, ಪಕ್ಕದಲ್ಲಿ ಕೂತರು.

ಮೇದಿನಿ ಮೆಲ್ಲಗೆ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡಳು. ಆಚೆ ದಡದವರು ಹದಿನೈದು ಸಾವಿರ ದಾಟಿದ್ದಾರಂತೆ. ದೋಣಿಯವನು ಹೇಳಿದ. ಹನ್ನೆರಡು ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ.

"ನಾಳೆ ಒಂದು ದಿನಕ್ಕೆ ಮಾತ್ರ ಸ್ವಲ್ಪ ಏರಿಸಲಾ ಅಮ್ಮಾ?"

"ಏರಿಸು. ಹೇರಂಬನನ್ನ ಕೂರಿಸಿ, ಆಮೇಲೆ ಏರಿಸು."

ಮೇದಿನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಅಂದರೆ ನಾಳೆ ಕೂರೋದು ನಾನಾ?"

ಗುರುಗಳು ತಲೆಯಾಡಿಸಿದರು.

ಮೇದಿನಿಗೆ ಕುಣಿಯಬೇಕೆನಿಸಿತು. ಅದರ ಹಿಂದೆಯೇ ಭಯವೂ ಬಂತು. ಹೋದ ವರ್ಷ ಈ ಭಯ ಇರಲಿಲ್ಲ.

"ಈ ಸಲ ಗೆಲ್ತೀನಾ ಅಮ್ಮಾ?"

ಗುರುಗಳು ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದು ಅವಳ ತಲೆಯ ಮೇಲಿಟ್ಟರು.

"ಅದು ನನಗೆ ಗೊತ್ತಿಲ್ಲ ಮಗಳೇ. ಸೋತರೆ ಮಾತ್ರ, ಈ ಸಲ ಯಂತ್ರ ಅಲ್ಲ, ನೀನೇ ಸೋತಿರ್ತೀಯ."